ನಲವತ್ತೇಳು ಪುಟಗಳ ಸುಲಭ ದಾರಿ

ಹೊಸಬರಿಗೆ ಅರ್ಥವಾಗುವ ಹಾಗೆ ಬರೆಯುವುದು ಬಹಳ ಕಷ್ಟ ಎಂದು ಜನ ಯಾಕೆ ಹೇಳುತ್ತಾರೋ ನನಗೆ ತಿಳಿಯುತ್ತಿರಲಿಲ್ಲ. ನನಗಂತೂ ಅದು ಎಂದೂ ಕಷ್ಟ ಅನ್ನಿಸಿರಲಿಲ್ಲ. ಎಂದೂ ಬರೆದಿರಲಿಲ್ಲ, ಅದು ಬೇರೆ ಮಾತು.

ನಾನು ಸಾಂಗಲಿ ಸಮೀಪದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಕಬ್ಬಿನ ಗಾಡಿ ತೂಕದ ಕಟ್ಟೆಯ ಮೇಲೆ ನಿಂತ ಕೂಡಲೇ ಗಾಡಿಯ ನಂಬರು, ರೈತನ ಹೆಸರು, ತೂಕ ಎಲ್ಲ ಪರದೆಯ ಮೇಲೆ ಬರುತ್ತದಲ್ಲ, ಆ ಪ್ರೋಗ್ರಾಂ ನನ್ನದು. ಮನೆ ಸಾಂಗಲಿಯ ವಿಶ್ರಾಮಬಾಗದಲ್ಲಿ. ಗೇಟಿನ ಒಳಗೆ ಕನ್ನಡ, ಗೇಟಿನ ಆಚೆ ಮರಾಠಿ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ನನ್ನ ಹೆಂಡತಿ ಪದ್ಮಾ ಈ ವಿಷಯದಲ್ಲಿ ಸೂರ್ಯನಿಗೂ ಐದು ನಿಮಿಷ ರಿಯಾಯಿತಿ ಕೊಡುವವಳಲ್ಲ.

ಆ ಊಟದ ವಿಷಯದಲ್ಲಿಯೇ ಅವಳಿಗೆ ನನ್ನ ಮೇಲೆ ಒಂದು ಹಳೆಯ ದೂರಿದೆ. ಒಂದೊಂದು ರೊಟ್ಟಿ ಮುಗಿದಾಗಲೂ ನಾನು ಎಡಗೈಯ ಎರಡು ಬೆರಳಿನಿಂದ ಮೇಜನ್ನು ಟಕ್ ಎಂದು ಒತ್ತುತ್ತೇನಂತೆ. "ಯಾರಿಗರ ತಂತಿ ಕಳಸಾಕತ್ತೀರೇನು?" ಎಂದು ಕೇಳುತ್ತಾಳೆ. ನನಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗದ್ದನ್ನು ನಾನು ಒಪ್ಪುವುದೂ ಇಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್‌ಗೆ ಕೆಲಸ ಹೇಳುವ ಭಾಷೆಗಳು ಹತ್ತಾರಿವೆ. ಅವುಗಳಲ್ಲಿ ಒಂದನ್ನು ಜಗತ್ತಿನ ನಾನಾ ಕಡೆಯ ಜನ ಬಿಡುವಿನ ವೇಳೆಯಲ್ಲಿ ಕಟ್ಟಿ, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಾರೆ. ಆ ಭಾಷೆಯ ಜಾಲತಾಣದಲ್ಲಿ ಒಂದು ದಿನ ಒಂದು ವಿನಂತಿ ಕಂಡಿತು. ನಮ್ಮ ಕೈಪಿಡಿಯ ಮೊದಲ ಪಾಠದಲ್ಲಿಯೇ ಹೊಸಬರು ಎಡವುತ್ತಿದ್ದಾರೆ, ಯಾರಾದರೂ ಅದನ್ನು ತಮ್ಮ ತಮ್ಮ ಭಾಷೆಯಲ್ಲಿ ಇನ್ನಷ್ಟು ಸುಲಭ ಮಾಡಿಕೊಡಬಹುದೇ ಎಂದು ಕೇಳಿದ್ದರು. ಆ 'ಯಾರಾದರೂ' ನಾನೇ ಎಂದು ನನಗೆ ಕೂಡಲೇ ಹೊಳೆಯಿತು.

ಮೊದಲ ಪಾಠವನ್ನು ತೆರೆದು ನೋಡಿದೆ. ಇಂಗ್ಲಿಷಿನಲ್ಲಿ ಬರೀ ಎರಡು ಪುಟ. ಎರಡೇ ಪುಟ! ಪೀಠಿಕೆ ಇಲ್ಲ, ಇತಿಹಾಸ ಇಲ್ಲ, ಗಣಕಯಂತ್ರ ಎಂದರೇನು ಎಂಬ ವಿವೇಚನೆ ಇಲ್ಲ. ಹೊಸಬರು ಎಡವದೆ ಇನ್ನೇನು ಮಾಡಿಯಾರು ಎಂದು ಕನಿಕರ ಹುಟ್ಟಿತು. ಮೂರು ವಾರ ರಜೆಯ ದಿನಗಳನ್ನೆಲ್ಲ ಧಾರೆಯೆರೆದು ಅದನ್ನು ಕನ್ನಡದಲ್ಲಿ ನಲವತ್ತೇಳು ಪುಟಕ್ಕೆ ಬೆಳೆಸಿದೆ. ಮೊದಲ ನಾಲ್ಕು ಪುಟ ಕೃತಜ್ಞತೆ. ಆಮೇಲೆ ಮಣಿ ಎಣಿಸುವ ಕಾಲದಿಂದ ಇಂದಿನವರೆಗಿನ ಗಣಿತದ ಚರಿತ್ರೆ. ಹನ್ನೆರಡನೆಯ ಪುಟದಲ್ಲಿ ನಾನೇ ಬರೆದ ಒಂದು ಚಿತ್ರ: ತೂಕದ ಕಟ್ಟೆಯ ಮೇಲೆ ಕಬ್ಬಿನ ಗಾಡಿ. ಮೂಲದಲ್ಲಿ ಓದುಗನ ಬುದ್ಧಿಯನ್ನೇ ಅನುಮಾನಿಸುವಂಥ ನಾಲ್ಕಾರು ಬಾಲಿಶ ಸಾಲುಗಳಿದ್ದವು. ಅವನ್ನು ಮಾತ್ರ ಗೌರವಪೂರ್ವಕವಾಗಿ ಕೈಬಿಟ್ಟೆ.

ಪದ್ಮಾ ಆ ಹಾಳೆಗಳ ಕಟ್ಟನ್ನು ಕೈಯಲ್ಲಿ ಹಿಡಿದು ಭಾರ ನೋಡಿದಳು. "ಇದರಾಗ ಕೆಲಸ ಯಾವ ಪಾನದಿಂದ ಸುರು ಆಗತೈತ್ರಿ?" ಪುಟಕ್ಕೆ ನಮ್ಮ ಕಡೆ ಪಾನ ಅನ್ನುತ್ತೇವೆ.

"ಇಪ್ಪತ್ತಮೂರನೇ ಪಾನದಿಂದ."

"ಅಲ್ಲೀತನಕ?"

"ಅಲ್ಲೀತನಕ ಮನಸ್ಸು ತಯಾರ ಆಗತೈತಿ."

ಅವಳು ಕಟ್ಟನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಹೋದಳು. ಮಹತ್ಕಾರ್ಯಗಳಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಆದರೂ ನಾನು ಶಿಸ್ತಿನ ಮನುಷ್ಯ. ಪರೀಕ್ಷೆ ಮಾಡದೆ ಯಾವುದನ್ನೂ ಹೊರಗೆ ಬಿಡುವವನಲ್ಲ. ಇಬ್ಬರು ಹೊಸಬರನ್ನು ಆರಿಸಿಕೊಂಡೆ. ಒಬ್ಬರು ಪಕ್ಕದ ಮನೆಯ ಅಣ್ಣಾಸಾಹೇಬರು. ಮಿರಜ ಜಂಕ್ಷನ್ನಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ನನ್ನ ಜೊತೆ ದಿನವೂ ಕನ್ನಡದಲ್ಲಿ ಹರಟುವವರು. ಇನ್ನೊಬ್ಬಳು ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಇರುವ ಕಾಲೇಜು ಹುಡುಗಿ ಪೂಜಾ. ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವುದನ್ನು ನಾನೇ ಕೇಳಿದ್ದೆ. ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟು ನಾಲ್ಕು ದಿನ ಸಮಯ ಕೊಟ್ಟೆ.

ನಾಲ್ಕನೆಯ ದಿನ ಅಣ್ಣಾಸಾಹೇಬರು ತಾವಾಗಿಯೇ ಬಂದರು. "ಭಾಳ ಛಲೊ ಆಗೇತ್ರಿ. ಒಂದಕ್ಷರ ತಗಿಯೂ ಹಂಗಿಲ್ಲ. ಅದರಾಗೂ ಹನ್ನೆರಡನೇ ಪಾನ, ಅಗದಿ ಮಸ್ತ."

ಪೂಜಾ ಇನ್ನೂ ವಿನಯದಿಂದ, ಬಹಳ ಚೆನ್ನಾಗಿದೆ, ಎಲ್ಲ ತಿಳಿಯಿತು ಎಂದು ಅರ್ಧ ಮರಾಠಿಯಲ್ಲಿ ಹೇಳಿದಳು. "ಕಾಕಾ, ಖೂಪ್ ಛಾನ್. ಎಲ್ಲಾ ಸಮಜ್ಲಾ."

ಎದೆ ಉಬ್ಬಿತು. ಅದೇ ಶನಿವಾರ ಮಧ್ಯಾಹ್ನ ನಲವತ್ತೇಳು ಪುಟಗಳನ್ನೂ ಆ ಜಾಲತಾಣದವರಿಗೆ ಕಳಿಸಿಬಿಟ್ಟೆ. ಜೊತೆಗೆ 'ಇಬ್ಬರು ಹೊಸಬರಿಂದ ಕೂಲಂಕಷವಾಗಿ ಪರೀಕ್ಷಿತ' ಎಂದು ಒಂದು ಒಕ್ಕಣೆ.

ಮರುದಿನ ಬೆಳಿಗ್ಗೆ ಸುಜಾತಾ ಬಂದಳು. ಸುಜಾತಾ ಪದ್ಮಾಳ ಅಕ್ಕನ ಮಗಳು. ಪದ್ಮಾ ಅವಳಿಗೆ ಮಾವಶಿ, ನಾನು ಕಾಕಾ. ಗಡಿಯ ಹತ್ತಿರದ ಸಲಗರೆಗೆ ಕೊಟ್ಟಿದ್ದೇವೆ, ದ್ರಾಕ್ಷಿ ತೋಟದ ಮನೆ. ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ. ಮಿರಜದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆಯ ಕೋಣೆಗೆ ಒಬ್ಬರು ಬೇಕಾಗಿದ್ದರು. ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಬರುವ ರೋಗಿಗಳಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಆದ್ದರಿಂದ ಕನ್ನಡವೂ ಬರಬೇಕು, ಸಣ್ಣಪುಟ್ಟ ಪ್ರೋಗ್ರಾಂ ಬರೆಯಲೂ ಬರಬೇಕು. ಸೋಮವಾರ ಹತ್ತು ಗಂಟೆಗೆ ಪರೀಕ್ಷೆ: ರೋಗಿಗಳ ಪಟ್ಟಿಯನ್ನು ಊರಿನ ಪ್ರಕಾರ ಜೋಡಿಸಿ ತೋರಿಸಬೇಕು. ಅದೂ ನಾನು ಉದ್ಧಾರ ಮಾಡಿದ ಅದೇ ಭಾಷೆಯಲ್ಲಿ.

"ಅತ್ತಿ ಏನಂದ್ರು?" ಎಂದು ಪದ್ಮಾ ಕೇಳಿದಳು.

"ಈ ಒಂದ ಸಲ ನೋಡು ಅಂದ್ರು. ಆಗಲಿಲ್ಲಂದ್ರ ಮತ್ತ ಆ ಮಾತ ತಗೀಬ್ಯಾಡ ಅಂದ್ರು." ಸುಜಾತಾ ನಕ್ಕಳು, ಆದರೆ ಚೀಲದ ಹಿಡಿಯನ್ನು ಬಿಡಲಿಲ್ಲ. "ಇಂಗ್ಲಿಷ್ ಪುಸ್ತಕ ಓದಿದ್ರ ತಲಿಗೆ ಹತ್ತವಲ್ದು. ಕಾಕಾ ಬರದಾರಂತ ಗೊತ್ತಾತು, ಅದಕ್ಕ ಮೊದಲನೇ ಬಸ್ಸಿಗೆ ಬಂದೇನಿ."

"ಸಂಜೀ ಆಗೂದ್ರಾಗ ನೀ ಪ್ರೋಗ್ರಾಮರ್ ಆಗತಿ," ಎಂದೆ. ಅನುಮಾನ ಎಂಬುದು ನನ್ನ ಹತ್ತಿರ ಸುಳಿದಿರಲಿಲ್ಲ.

ಸುಜಾತಾ ಪ್ರಾಮಾಣಿಕ ಹೆಣ್ಣು. ಕೃತಜ್ಞತೆಯನ್ನೂ ಬಿಡದೆ ಓದಿದಳು. ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತಮೂರನೆಯ ಪುಟ ಬಂತು. ತನ್ನ ಲ್ಯಾಪ್‌ಟಾಪಿನಲ್ಲಿ ಐದು ರೋಗಿಗಳ ಹೆಸರು, ಊರು ಬರೆದಳು, ಜೋಡಿಸುವ ಸಾಲು ಬರೆದಳು, ಪ್ರೋಗ್ರಾಂ ಓಡಿಸಿದಳು. ಪರದೆಯ ಮೇಲೆ ಏನೂ ಬರಲಿಲ್ಲ. ತಪ್ಪು ಎಂದೂ ಬರಲಿಲ್ಲ, ಸರಿ ಎಂದೂ ಬರಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅವಳು ಬರೆದದ್ದನ್ನು ಓದಿದೆ. ಒಂದು ಖಾಲಿ ಜಾಗ ಅಳಿಸಿ ಮತ್ತೆ ಹಾಕಿ, ಓಡಿಸಿದೆ. ಐದೂ ರೋಗಿಗಳು ಊರಿನ ಪ್ರಕಾರ ಸಾಲಾಗಿ ನಿಂತರು.

"ನೋಡು. ಖಾಲಿ ಜಾಗ ಸರಿ ಇರಲಿಲ್ಲ."

ಸುಜಾತಾ ಆರನೆಯ ರೋಗಿಯನ್ನು ಸೇರಿಸಿ ಓಡಿಸಿದಳು. ಮತ್ತೆ ಐದೇ ಜನ. ನಾನು ಕುಳಿತು, ಆರನೆಯವನ ಹೆಸರನ್ನು ಅಳಿಸಿ ಅದನ್ನೇ ಬರೆದು ಓಡಿಸಿದೆ. ಆರು ಜನ ಬಂದರು. ಸುಜಾತಾ ಒಂದು ಊರಿನ ಹೆಸರು ತಿದ್ದಿ ಕೈ ತಡೆದಳು.

"ಕಾಕಾ, ಮ್ಯಾಲೆ ಫೈಲಿನ ಹೆಸರಿನ ಬಾಜೂಕ ಇದೊಂದ ಬಿಳಿ ಚುಕ್ಕಿ ಬರತೈತಲ್ಲ, ಇದೇನ್ರಿ?"

"ಧೂಳು," ಎಂದೆ. ಅಂಗಿಯ ತುದಿಯಿಂದ ಪರದೆಯನ್ನು ಒರೆಸಿದೆ. ಆಮೇಲೆ ಒಂದು ಸಾಲು ತಿದ್ದಿ ಎದ್ದೆ. ಚುಕ್ಕೆ ಹೋಗಿತ್ತು. "ಹೋತು ನೋಡು."

ಅವಳು ಮತ್ತೆ ಬರೆದಳು. ಧೂಳು ಮತ್ತೆ ಬಂತು.

ಮುಂದಿನ ಮೂರು ಗಂಟೆಯನ್ನು ನಾನು ಸಂಕ್ಷೇಪವಾಗಿ ಹೇಳುತ್ತೇನೆ, ಯಾಕೆಂದರೆ ವಿವರವಾಗಿ ಹೇಳಲು ನನಗೆ ಧೈರ್ಯವಿಲ್ಲ. ಮೊದಲು ಅವಳ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ತೀರ್ಮಾನಿಸಿ ನನ್ನದನ್ನು ಕೊಟ್ಟೆ. ಅಲ್ಲಿಯೂ ಅದೇ ಹಾಡು. ಕರೆಂಟು ಏರಿಳಿಯುತ್ತಿದೆ ಎಂದು ಫ್ರಿಜ್ ಬಂದ್ ಮಾಡಿಸಿದೆ. ಪದ್ಮಾಳ ಮೊಸರು ಹುಳಿಯಾಯಿತು. ಕೀಲಿಮಣೆಯನ್ನು ಬೋರಲು ಹಾಕಿ ಬಡಿದೆ, ನಾಲ್ಕು ಸಾಸಿವೆ ಕಾಳು ಉದುರಿದವು. ಈಗ ಸರಿಯಾಯಿತು ಎಂದೆ, ಆಗಲಿಲ್ಲ. ಪ್ರತಿ ಸಲವೂ ನಾನು ಕುಳಿತರೆ ನಡೆಯುತ್ತದೆ, ಅವಳು ಕುಳಿತರೆ ಇಲ್ಲ. ಅದೇ ಯಂತ್ರ, ಅದೇ ಅಕ್ಷರ, ಅದೇ ಕುರ್ಚಿ. ನಡುವೆ ನನ್ನ ಬರಹಕ್ಕೆ ಕೈಯಿಂದಲೇ ಏಳು ಟಿಪ್ಪಣಿಗಳನ್ನು ಸೇರಿಸಿ ಅದನ್ನು ನಲವತ್ತೊಂಬತ್ತು ಪುಟ ಮಾಡಿದೆ.

ಕೊನೆಗೆ ನನ್ನ ಬಾಯಿಂದ ಒಂದು ಮಾತು ಬಂತು. ಈಗ ನೆನೆದರೂ ನಾಚಿಕೆಯಾಗುತ್ತದೆ.

"ಕೆಲವರ ಕೈಗೆ ಯಂತ್ರ ಒಗ್ಗಂಗಿಲ್ಲ ಸುಜಾತಾ. ನಿನ್ನ ಕೈಗುಣ ಇರಬೇಕು."

ಸುಜಾತಾ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. "ಹೌದ ಇರಬೇಕ್ರಿ ಕಾಕಾ. ಬರಹ ಅಗದಿ ಸ್ವಚ್ಛ ಐತಿ. ನನ್ನ ತಲ್ಯಾಗ ಇಲ್ಲ. ನಾಳೆ ನಾ ಪರೀಕ್ಷಾಕ್ಕ ಹೋಗಂಗಿಲ್ಲ ಬಿಡ್ರಿ. ಸಂಜೀ ಬಸ್ಸಿಗೆ ಊರಿಗೆ ಹೋಗತೇನಿ."

ಪದ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅಂಥ ನೋಟ ಎರಡು ಸಲ ಮಾತ್ರ ಕಂಡಿದ್ದೇನೆ. ಆದರೂ ತಪ್ಪು ನನ್ನ ಬರಹದ್ದಲ್ಲ ಎಂದು ಸಾಬೀತು ಮಾಡಲೇಬೇಕೆಂಬ ಹಟ ಬಿಡಲಿಲ್ಲ. ಸಾಕ್ಷಿಗಳಿದ್ದಾರಲ್ಲ! ಅಣ್ಣಾಸಾಹೇಬರನ್ನೂ ಪೂಜಾಳನ್ನೂ ಕರೆಸಿ ಸುಜಾತಾಳ ಎದುರಿಗೆ ಕೂರಿಸಿದೆ.

"ಅಣ್ಣಾಸಾಹೇಬ್ರ, ಇಪ್ಪತ್ತಮೂರನೇ ಪಾನ ನೀವು ಓದೀರಿ. ನಿಮಗ ತಿಳೀತಲ್ಲ?"

"ತಿಳೀತಲ್ರಿ, ಭಾಳ ಛಲೊ ಆಗೇತಿ."

"ಹಂಗಾದ್ರ ಮೊದಲಿನ ನಾಲ್ಕ ಸಾಲ ಓದಿ ಈಕೀಗೆ ತಿಳಿಸಿ ಹೇಳ್ರಿ."

ಅಣ್ಣಾಸಾಹೇಬರು ಹಾಳೆಯನ್ನು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಇಟ್ಟು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನ ಹಾಗೆ ನನ್ನನ್ನು ನೋಡಿದರು.

"ನನಗ ಕನ್ನಡ ಮಾತಾಡಾಕ ಬರತೈತ್ರಿ. ಓದಾಕ ಬರಂಗಿಲ್ಲ. ನಮ್ಮ ಸಾಲಿ ಎಲ್ಲಾ ಮರಾಠೀದಾಗ ಆತು."

"ಮತ್ತ ಹನ್ನೆರಡನೇ ಪಾನ ಮಸ್ತ ಅಂದ್ರಿ?"

"ಅದರಾಗ ಗಾಡಿ ಚಿತ್ರ ಇತ್ತಲ್ರಿ."

ನಾನು ಪೂಜಾಳ ಕಡೆ ತಿರುಗಿದೆ. ಅವಳು ದುಪಟ್ಟಾದ ಅಂಚನ್ನು ಸುತ್ತುತ್ತಿದ್ದಳು. "ಕಾಕಾ, ಮಲಾ ಪಣ್ ವಾಚತಾ ಯೇತ್ ನಾಹಿ. ಅಜ್ಜೀ ಜೋಡಿ ಬೋಲತೇ, ಬಸ್." ಅವಳಿಗೂ ಓದಲು ಬರುತ್ತಿರಲಿಲ್ಲ, ಅಜ್ಜಿಯ ಜೊತೆ ಮಾತಾಡುವುದಷ್ಟೇ.

"ಮೊದಲ ಯಾಕ ಹೇಳಲಿಲ್ಲ?"

ಅಣ್ಣಾಸಾಹೇಬರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀವು ಅಷ್ಟ ಪ್ರೀತಿಲೆ ಕೊಟ್ಟಿರಿ, ಕಲತಾವ್ರು ಬ್ಯಾರೆ. ತಿಳೀಲಿಲ್ಲ ಅಂತ ಹೆಂಗ ಅನ್ನೂದ್ರಿ?"

ಸಾಂಗಲಿಯಲ್ಲಿ ಹುಟ್ಟಿ ಬೆಳೆದವನು ನಾನು. ಇಲ್ಲಿ ಕನ್ನಡ ಮಾತಾಡುವ ಅರ್ಧ ಜನರಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಬೇರೆ ಊರಿನವರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಪ್ರೀತಿಯಿಂದ ಕೇಳಿದರೆ ತಿಳಿಯದಿದ್ದರೂ ತಿಳಿಯಿತು ಅನ್ನುವ ನಮ್ಮ ಜನರ ಮರ್ಯಾದೆಯೂ ನನಗೆ ಗೊತ್ತಿದೆ. ಇಷ್ಟೆಲ್ಲ ಗೊತ್ತಿದ್ದೂ ನಲವತ್ತೇಳು ಪುಟ ಹಂಚಿದ್ದೆ. ಇಡೀ ಜಗತ್ತಿನಲ್ಲಿ ನನ್ನ ಬರಹವನ್ನು ನಿಜವಾಗಿ ಓದಿದ್ದವಳು ಒಬ್ಬಳೇ, ಅವಳಿಗೆ ನಾನು ಕೈಗುಣ ಇಲ್ಲ ಎಂದಿದ್ದೆ.

"ಸುಜಾತಾ," ಎಂದೆ, "ತಪ್ಪು ನಿಂದಲ್ಲ. ನಂದ ಏನೋ ಐತಿ. ಏನಂತ ಗೊತ್ತಾಗವಲ್ದು."

ಆ ಮನೆಯಲ್ಲಿ ನಾನು ಇಂಥ ಮಾತಾಡಿದ್ದು ಅದೇ ಮೊದಲು. ಪದ್ಮಾ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಸ್ಟೂಲ್ ಎಳೆದು ಕುಳಿತಳು. "ನೀವು ಮತ್ತೊಮ್ಮೆ ಬರೀರಿ, ನಾ ನೋಡತೇನಿ."

"ನಿನಗ ಇದರಾಗಿಂದು ಏನ ತಿಳೀತೈತಿ?"

"ಏನೂ ತಿಳಿಯಂಗಿಲ್ಲ. ಅದಕ್ಕ ಪರದೆ ನೋಡಂಗಿಲ್ಲ. ನಿಮ್ಮನ್ನ ನೋಡತೇನಿ."

ನಾನು ಏಳನೆಯ ರೋಗಿಯ ಹೆಸರು ಬರೆದೆ. ಓಡಿಸಿದೆ. ಏಳು ಜನ ಬಂದರು.

"ಅದೇನು?" ಎಂದಳು ಪದ್ಮಾ.

"ಯಾವುದು?"

"ಬರದ ಮ್ಯಾಲೆ ಎಡಗೈಲೆ ಎರಡ ಬೆರಳಲೆ ಟಕ್ ಅಂತ ಒತ್ತಿದಿರಿ. ರೊಟ್ಟಿ ತಿಂದ ಮ್ಯಾಲೆ ಒತ್ತತೀರಲ್ಲ, ಅದ."

ಕೋಣೆಯಲ್ಲಿ ಎಲ್ಲರೂ ನನ್ನ ಎಡಗೈಯನ್ನು ನೋಡಿದರು. ನಾನೂ ನೋಡಿದೆ. ಅದು ಇನ್ನೂ ಆ ಎರಡು ಕೀಲಿಗಳ ಮೇಲೆಯೇ ಇತ್ತು.

ಅದು ಸೇವ್. ಬರೆದದ್ದನ್ನು ಉಳಿಸುವ ಜೋಡಿ ಕೀಲಿ. ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಕಬ್ಬು ಅರೆಯುವ ಕಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತಿತ್ತು. ಉಳಿಸದೆ ಇದ್ದದ್ದೆಲ್ಲ ಹೋದಂತೆಯೇ. ಹೊರಗೆ ಗಾಡಿಗಳ ಸಾಲು, ಒಳಗೆ ನಾನು ಮತ್ತೆ ಮೊದಲಿನಿಂದ. ಹಾಗಾಗಿ ಒಂದು ಸಾಲು ಬರೆದರೆ ಒಮ್ಮೆ ಒತ್ತುವುದು, ಇನ್ನೊಂದು ಸಾಲು ಬರೆದರೆ ಇನ್ನೊಮ್ಮೆ. ಇಪ್ಪತ್ತಾರು ವರ್ಷದಲ್ಲಿ ಅದು ತಲೆಯಿಂದ ಇಳಿದು ಬೆರಳಿಗೆ ಬಂದಿತ್ತು, ಬೆರಳಿನಿಂದ ಊಟದ ಮೇಜಿಗೆ. ನಲವತ್ತೇಳು ಪುಟಕ್ಕೆ ಮಾತ್ರ ಬಂದಿರಲಿಲ್ಲ. ಸುಜಾತಾ ಬರೆಯುತ್ತಿದ್ದಳು, ಉಳಿಸುತ್ತಿರಲಿಲ್ಲ. ಯಂತ್ರ ಹಳೆಯದನ್ನೇ ಓಡಿಸುತ್ತಿತ್ತು. ಆ ಬಿಳಿ ಚುಕ್ಕೆ 'ಇನ್ನೂ ಉಳಿಸಿಲ್ಲ' ಎಂಬ ಗುರುತು. ನಾನು ಅದನ್ನು ಅಂಗಿಯಿಂದ ಒರೆಸಿದ್ದೆ.

"ಇದು ಎಲ್ಲಾರಿಗೂ ಗೊತ್ತಿರತೈತಿ ಅಂತ..." ಎಂದು ತೊದಲಿದೆ.

"ನಾ ಯಾರಿಗರ ಸಾರು ಹೇಳಿಕೊಡೂ ಮುಂದ ನೀರು ಸೋಸಿಕೋ ಅಂತ ಹೇಳಂಗಿಲ್ಲ," ಎಂದಳು ಪದ್ಮಾ. "ನಮ್ಮನ್ಯಾಗ ಸೋಸಲಾರದ ನೀರು ಇರೂದ ಇಲ್ಲ. ನಮಗ ಅದು ಕೆಲಸ ಅಂತನ ಅನಸಂಗಿಲ್ಲ. ಹೊಸಬ್ರಿಗೆ ಹೆಂಗ ಗೊತ್ತಾಗಬೇಕು?"

ನನಗೆ ಒಂದು ಆಸೆ ಉಳಿದಿತ್ತು. ಮೂಲ ಇಂಗ್ಲಿಷ್ ಪಾಠದಲ್ಲೂ ಇದು ಇರಲಿಕ್ಕಿಲ್ಲ, ತಪ್ಪಿನಲ್ಲಿ ಇಡೀ ಜಗತ್ತೇ ನನಗೆ ಜೊತೆಯಾದೀತು. ತೆರೆದು ನೋಡಿದೆ. ಮೂರನೆಯ ಸಾಲು: ಬರೆದದ್ದನ್ನು ಮೊದಲು ಉಳಿಸಿ. ನಾನು ಕೈಬಿಟ್ಟ ಬಾಲಿಶ ಸಾಲುಗಳಲ್ಲಿ ಮೊದಲನೆಯದು ಅದೇ.

ಸುಜಾತಾ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಎಂಟನೆಯ ರೋಗಿಯ ಹೆಸರು ಬರೆದಳು. ಎರಡು ಬೆರಳಿನಿಂದ ಟಕ್ ಎಂದು ಒತ್ತಿದಳು. ಚುಕ್ಕೆ ಹೋಯಿತು. ಓಡಿಸಿದಳು. ಅಥಣಿಯಿಂದ ಹಿಡಿದು ರಾಯಬಾಗದವರೆಗೆ ಎಂಟೂ ಜನ ಸಾಲಾಗಿ ಬಂದರು. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಆದರೆ ನಾನು ಕನ್ನಡಕ ಒರೆಸಿಕೊಂಡೆ. ಅಣ್ಣಾಸಾಹೇಬರಿಂದ ಅಂದು ಕಲಿತ ಏಕೈಕ ವಿದ್ಯೆ ಅದು.

"ಆತಲ್ಲ, ಹೊತ್ತ ಮುಣಗಾಕ ಬಂದೈತಿ. ಏಳ್ರಿ ಊಟಕ್ಕ," ಎಂದಳು ಪದ್ಮಾ. ಸುಜಾತಾ ಊರಿಗೆ ಹೋಗಲಿಲ್ಲ. ಊಟವಾದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತನ್ನ ಕೈಯಿಂದ ಒಂದು ಪುಟ ಬರೆದುಕೊಂಡಳು, ಅಷ್ಟನ್ನೇ ಓದಿದಳು. ನನ್ನ ಕಟ್ಟು ಹಿಟ್ಟಿನ ಡಬ್ಬಿಯ ಮೇಲೆಯೇ ಇತ್ತು.

ಸೋಮವಾರ ಪರೀಕ್ಷೆ. ಮಂಗಳವಾರ ಎರಡು ಸುದ್ದಿ ಬಂದವು. ಒಂದು, ಸುಜಾತಾಳಿಗೆ ಕೆಲಸ ಸಿಕ್ಕಿತು. ಅವಳ ಅತ್ತೆಯೇ ಫೋನ್ ಮಾಡಿ ಪದ್ಮಾಳಿಗೆ ಹೇಳಿದರು, ದನಿಯಲ್ಲಿ ಕೆಲಸ ಅವರಿಗೇ ಸಿಕ್ಕಷ್ಟು ಸಂಭ್ರಮ. ಎರಡನೆಯದು, ಜಾಲತಾಣದವರ ಉತ್ತರ. ಬಹಳ ಸೌಜನ್ಯದ ಜನ. ನಿಮ್ಮ ದೀರ್ಘ ಶ್ರಮಕ್ಕೆ ಧನ್ಯವಾದ, ಒಂದೇ ಒಂದು ಸಂದೇಹ, ಮೂರನೆಯ ಸಾಲನ್ನು ಯಾಕೆ ತೆಗೆದಿರಿ ಎಂದು ಕೇಳಿದ್ದರು. ಕನ್ನಡ ಬಲ್ಲ ಯಾರೋ ಒಬ್ಬರು ಅವರಲ್ಲಿದ್ದಾರೆ ಎಂದು ಆಗ ತಿಳಿಯಿತು.

ನಾನು ನಲವತ್ತೇಳು ಪುಟಗಳನ್ನೂ ಹಿಂತೆಗೆದುಕೊಂಡು, ಬದಲಿಗೆ ಒಂದೇ ಒಂದು ವಾಕ್ಯ ಕಳಿಸಿದೆ. ಸುಜಾತಾಳ ಕ್ಯಾಲೆಂಡರಿನ ಹಿಂದೆ ಇದ್ದ ವಾಕ್ಯ: 'ಹೆಸರಿನ ಪಕ್ಕ ಬಿಳಿ ಚುಕ್ಕೆ ಕಂಡರೆ ಬರೆದದ್ದು ಇನ್ನೂ ಉಳಿದಿಲ್ಲ, ಅದು ಧೂಳಲ್ಲ.' ಒಪ್ಪಿಕೊಂಡರು. ಎಲ್ಲ ಭಾಷೆಗಳ ಪಾಠಕ್ಕೂ ಸೇರಿಸಿದರಂತೆ. ಬರೆದವರು ಸುಜಾತಾ, ಪರೀಕ್ಷಿಸಿದವರು ಪದ್ಮಾ ಎಂದು ಕೆಳಗೆ ಹಾಕಿದ್ದಾರೆ. ನನ್ನ ಹೆಸರು ತಲುಪಿಸಿದವರು ಎಂದು ಇದೆ, ಅಂಚೆಯವನ ಹಾಗೆ. ಆದರೂ ಕಾರ್ಖಾನೆಯಲ್ಲಿ ಎಲ್ಲರಿಗೂ ತೋರಿಸಿದೆ.

ತಿಂಗಳಾದ ಮೇಲೆ ಅಣ್ಣಾಸಾಹೇಬರನ್ನು ಕಣ್ಣು ತೋರಿಸಲು ಮಿರಜಕ್ಕೆ ಕರೆದುಕೊಂಡು ಹೋಗಿದ್ದೆ. ಅದೇ ಆಸ್ಪತ್ರೆ. ದಾಖಲೆಯ ಕೋಣೆಯಲ್ಲಿ ಸುಜಾತಾ ಜಮಖಂಡಿಯ ಮುದುಕಿಯೊಬ್ಬಳಿಗೆ ಕನ್ನಡದಲ್ಲಿ ದಾರಿ ಹೇಳುತ್ತಿದ್ದಳು. ಗೋಡೆಯ ಮೇಲೆ ಹೊಸದಾಗಿ ಕೆಲಸಕ್ಕೆ ಬಂದವರಿಗಾಗಿ ಅವಳು ಬರೆದ ಒಂದು ಹಾಳೆ ಅಂಟಿಸಿತ್ತು, ಎಡಗಡೆ ಕನ್ನಡ, ಬಲಗಡೆ ಮರಾಠಿ. ಮೊದಲನೆಯ ಸಾಲು: ಮೊದಲು ಉಳಿಸು. ಕೊನೆಯ ಸಾಲು: ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳು, ಎದುರಿಗೆ ಕಾಕಾ ಇದ್ದರೂ.

ಅಣ್ಣಾಸಾಹೇಬರು ಮರಾಠಿಯ ಕಡೆಯಿಂದ ಗಟ್ಟಿಯಾಗಿ ಓದಿದರು. ಓದಲು ಬಂದದ್ದಕ್ಕೆ ಅವರಿಗೆ ಬಹಳ ಖುಷಿಯಾಯಿತು.

"ಕಾಕಾ, ಇಲ್ಲಿ ಬರ್ರಿ, ಹೊಸಾದೊಂದು ಮಾಡೇನಿ, ನೋಡ್ರಿ." ಸುಜಾತಾ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ರೋಗಿಗಳು ಮುಂದಿನ ಸಲ ಯಾವಾಗ ಬರಬೇಕೋ ಅದನ್ನು ತಾನಾಗಿಯೇ ಹೇಳುವ ಪ್ರೋಗ್ರಾಂ ಅಂತೆ. ಆ ಭಾಷೆಗೆ ಈಚೆಗೆ ಸೇರಿದ ಏನೇನೋ ಹೊಸ ಸವಲತ್ತುಗಳನ್ನು ಬಳಸಿದ್ದಳು. ನಾನು ತೂಕದ ಕಟ್ಟೆಯ ಕಾಲದವನು. ಅವಳು ವೇಗವಾಗಿ, ಸಂತೋಷದಿಂದ ಹೇಳುತ್ತ ಹೋದಳು. ನನಗೆ ಮೊದಲ ಸಾಲಿನಲ್ಲಿಯೇ ದಾರಿ ತಪ್ಪಿತ್ತು.

"ತಿಳೀತಲ್ರಿ ಕಾಕಾ?"

ಅಷ್ಟು ಪ್ರೀತಿಯಿಂದ ತೋರಿಸಿದ್ದಳು. ಹೇಗೆ ಇಲ್ಲ ಅನ್ನುವುದು?

"ಭಾಳ ಛಲೊ ಆಗೇತಿ," ಎಂದೆ. "ಒಂದಕ್ಷರ ತಗಿಯೂ ಹಂಗಿಲ್ಲ. ಅದರಾಗೂ ಹನ್ನೆರಡನೇ ಸಾಲು, ಅಗದಿ ಮಸ್ತ."

ಸುಜಾತಾ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹನ್ನೆರಡನೇ ಸಾಲಿನ್ಯಾಗ ಏನೂ ಇಲ್ರಿ ಕಾಕಾ. ಅದನ್ನ ಖಾಲಿ ಬಿಟ್ಟೇನಿ."